ಮುಚ್ಚಿದ ಬಾಗಿಲ ಮುಂದಿನ ಹಾಡು



ಇವತ್ತಿನ ಮಾತು ಒಂದು ಆಟದ ಸಂಗೀತದ ಬಗ್ಗೆ. ಆ ಆಟ ಶ್ರೀಕೃಷ್ಣ ಪಾರಿಜಾತ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕುಳಿತು ರೇಡಿಯೋ ಕೇಳುತ್ತಿರುವವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಘಟಪ್ರಭೆಯ ದಂಡೆಯ ಊರುಗಳಲ್ಲಿ ಜಾತ್ರೆ ಎಂದರೆ ಪಾರಿಜಾತ ಎಂದಿದ್ದ ಕಾಲವೊಂದಿತ್ತು. ಭಾಮೆಯ ಸಿಟ್ಟು ನಿಮಗೆ ಗೊತ್ತು. ದೂತಿಯ ಚೇಷ್ಟೆ ಗೊತ್ತು. ಕೊರವಂಜಿಯ ಕಣಿ ಗೊತ್ತು. ಕಥೆಯ ಬಗ್ಗೆ, ಹಾಸ್ಯದ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಹಾಡು ಹೇಗೆ ಕಟ್ಟಿದೆ ಎಂಬುದರ ಬಗ್ಗೆ ಅಷ್ಟು ಮಾತಾಡಿಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಪಾರಿಜಾತದ ಸಂಗೀತಕ್ಕೆ ಗಟ್ಟಿಯಾದ ಒಂದು ರೂಪವಿದೆ. ಅದು ಬಾಯಿಗೆ ಬಂದಂತೆ ಹಾಡುವ ಹಾಡಲ್ಲ. ಕಟ್ಟಿದ ಸಂಗೀತ, ಗುರುವಿನ ಮುಂದೆ ಕುಳಿತು ಕಲಿಯಬೇಕಾದ ಸಂಗೀತ. ಆ ರೂಪಕ್ಕೆ ಅದರದೇ ಆದ ಅಳತೆಯಿದೆ. ಅಳತೆ ಎಂದರೆ ಒಂದು ರಾತ್ರಿ.

ಮೊದಲು ಈ ಆಟ ಬೇರುಬಿಟ್ಟ ಕಾಲವನ್ನು ಗೊತ್ತು ಮಾಡಿಕೊಳ್ಳೋಣ.

1824 ಎಂದಾಕ್ಷಣ ಬೆಳಗಾವಿ ಜಿಲ್ಲೆಯವರಿಗೆ ಕಿತ್ತೂರು ನೆನಪಾಗುತ್ತದೆ. ಆ ವರ್ಷದ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಕೋಟೆಯ ಮುಂದೆ ಕಂಪನಿ ಸರ್ಕಾರದ ಥ್ಯಾಕರೆ ಸತ್ತು ಬಿದ್ದ. ಅದೇ ವರ್ಷದ ಮೇ ತಿಂಗಳಲ್ಲಿ ಯುರೋಪಿನ ವಿಯೆನ್ನಾ ನಗರದಲ್ಲಿ ಬೀಥೋವನ್ ಎಂಬ ಸಂಗೀತಗಾರನ ಒಂಬತ್ತನೆಯ ಸಿಂಫನಿ, ಅಂದರೆ ದೊಡ್ಡ ವಾದ್ಯಮೇಳದ ಕೃತಿ, ಮೊದಲ ಸಲ ಕೇಳಿಸಿತು. ಬೀಥೋವನ್‌ಗೆ ಆಗ ಕಿವಿ ಪೂರ್ತಿ ಹೋಗಿತ್ತು. ಮೂರು ವರ್ಷದ ನಂತರ, 1827ರಲ್ಲಿ, ಅವನು ತೀರಿಕೊಂಡ. ಅದೇ 1827ರಲ್ಲಿ ತಂಜಾವೂರಿನಲ್ಲಿ ಕರ್ನಾಟಕ ಸಂಗೀತದ ವಾಗ್ಗೇಯಕಾರ ಶ್ಯಾಮಾಶಾಸ್ತ್ರಿಗಳು ತೀರಿಕೊಂಡರು.

ಇನ್ನೂ ಸ್ವಲ್ಪ ಹಿಂದೆ ಹೋಗೋಣ. ಬೀಥೋವನ್‌ಗೆ ಪಾಠ ಹೇಳಿದವನು ಹೈಡನ್. ಸಿಂಫನಿಗೆ ಸ್ಥಿರವಾದ ರೂಪ ಕೊಟ್ಟವನು ಅವನು. ನೂರಕ್ಕೂ ಹೆಚ್ಚು ಸಿಂಫನಿ ಬರೆದ. ಅವನು ತೀರಿಕೊಂಡದ್ದು 1809ರಲ್ಲಿ. ನಮ್ಮ ರಾಯಚೂರು ಸೀಮೆಯ ಮಾನ್ವಿಯಲ್ಲಿ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಹರಿಪಾದ ಸೇರಿದ್ದೂ ಅದೇ 1809ರಲ್ಲಿ ಎಂದು ದಾಸ ಪರಂಪರೆ ಹೇಳುತ್ತದೆ.

ಈ ತಾರೀಖುಗಳು ಕೂಡಿ ಬಂದದ್ದು ಆಕಸ್ಮಿಕ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೂ ಸ್ಥೂಲವಾಗಿ 1750ರಿಂದ 1820ರವರೆಗಿನ ಎಪ್ಪತ್ತು ವರ್ಷ ಸಂಗೀತದ ಚರಿತ್ರೆಯಲ್ಲಿ ದೊಡ್ಡ ಕಾಲ. ಪಶ್ಚಿಮದವರು ಅದನ್ನು ತಮ್ಮ ಸಂಗೀತದ ಕ್ಲಾಸಿಕಲ್ ಯುಗ ಎನ್ನುತ್ತಾರೆ. ದಕ್ಷಿಣದಲ್ಲಿ ತ್ಯಾಗರಾಜರು, ದೀಕ್ಷಿತರು ಕೃತಿಗೆ ಅದರ ಪೂರ್ಣ ರೂಪ ಕೊಟ್ಟ ಕಾಲವದು. ಉತ್ತರದಲ್ಲಿ ಖಯಾಲ್ ದಿಲ್ಲಿ ದರ್ಬಾರಿನಿಂದ ಹೊರಬಿದ್ದು ಬೇರೆ ಬೇರೆ ಸಂಸ್ಥಾನಗಳಿಗೆ ಹರಡಿದ ಕಾಲ. ಮರಾಠಿಯಲ್ಲಿ ಪೇಶ್ವೆಯರ ಆಶ್ರಯದಲ್ಲಿ ಲಾವಣಿ ಬೆಳೆದ ಕಾಲ.

ನಮ್ಮ ಪಾರಿಜಾತದ ಬೇರೂ ಈ ಕಾಲದ ಮಣ್ಣಿನಲ್ಲೇ ಇದೆ. ಮೂಲದಲ್ಲಿ ಅಪರಾಳ ತಮ್ಮಣ್ಣ ಎಂಬ ಕವಿ ಪಾರಿಜಾತವನ್ನು ಹಾಡುಗಬ್ಬವಾಗಿ ಕಟ್ಟಿದ. ಅವನದು ರಾಯಚೂರು ಸೀಮೆ. ದಾಸರ ಪದಗಳು ದಿನಬೆಳಗಾದರೆ ಕಿವಿಗೆ ಬೀಳುವ ಸೀಮೆ. ಆಮೇಲೆ ಅದನ್ನು ತಿದ್ದಿ, ಬೆಳೆಸಿ, ರಂಗದ ಮೇಲೆ ನಿಲ್ಲುವ ಆಟವಾಗಿ ಮಾಡಿದವನು ಕುಲಗೋಡ ತಮ್ಮಣ್ಣ. ಕುಲಗೋಡ ನಿಮ್ಮದೇ ಊರು. ಮೊದಲು ಗೋಕಾಕ ತಾಲ್ಲೂಕಿನಲ್ಲಿತ್ತು, ಈಗ ಮೂಡಲಗಿ ತಾಲ್ಲೂಕಿಗೆ ಸೇರಿದೆ. 19ನೆಯ ಶತಮಾನದಲ್ಲಿ ಆ ಹಳ್ಳಿಯಲ್ಲಿ ಕುಳಿತು ಒಬ್ಬ ಕವಿ ಮಾಡಿದ ಕೆಲಸವನ್ನು ಕೃಷ್ಣಾ ಘಟಪ್ರಭಾ ನದಿಗಳ ನಡುವಿನ ಜನ ಇನ್ನೂ ಹಾಡುತ್ತಿದ್ದಾರೆ.

ಕಾಲದ ಮಾತು ಇಷ್ಟು ಸಾಕು. ಈಗ ಕಥೆ. ನಿಮಗೆ ಗೊತ್ತಿರುವುದನ್ನೇ ಚುಟುಕಾಗಿ ನೆನಪಿಸುತ್ತೇನೆ, ಮುಂದಿನ ಮಾತಿಗೆ ಅದು ಬೇಕು.

ನಾರದ ಸ್ವರ್ಗದಿಂದ ಒಂದು ಪಾರಿಜಾತದ ಹೂ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಅವಳಿಗೆ ಹೂವಿನ ಆಸೆ ಅಷ್ಟಿಲ್ಲ. ತನಗಿಂತ ಮೊದಲು ಇನ್ನೊಬ್ಬಳು ನೆನಪಾದಳಲ್ಲ ಎಂಬುದೇ ಅವಳ ಸಂಕಟ. ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಕೃಷ್ಣ ಬಂದು ಕರೆಯುತ್ತಾನೆ, ಅವಳು ತೆಗೆಯುವುದಿಲ್ಲ. ಕಡೆಗೆ ಕೃಷ್ಣ ಕೊರವಂಜಿಯ ವೇಷ ಹಾಕಿ ಬಂದು ಕಣಿ ಹೇಳುತ್ತಾನೆ. ಗಂಡ ಹೆಂಡತಿ ಒಂದಾಗುತ್ತಾರೆ.

ಈ ಕಥೆ ಭಾರತದ ತುಂಬ ಇದೆ. ತೆಲುಗಿನಲ್ಲಿ ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ಇದನ್ನು ಪ್ರಬಂಧಕಾವ್ಯ ಮಾಡಿದ. ಕೂಚಿಪುಡಿಯ ಭಾಮಾಕಲಾಪ ಇದೇ ಭಾಮೆಯದು. ಅಸ್ಸಾಮಿನಲ್ಲಿ ಶಂಕರದೇವ ಇದನ್ನು ನಾಟಕ ಮಾಡಿದ. ಆದರೆ ಉಳಿದ ಕಡೆ ದೇವರ ಮಹಿಮೆಯೋ ನೃತ್ಯದ ಬೆಡಗೋ ಮುಂದೆ ಬಂದರೆ ನಮ್ಮಲ್ಲಿ ಮುಂದೆ ಬಂದದ್ದು ಒಂದು ಸಂಸಾರ. ಭಾಮೆ ಮಾತಾಡುವುದು ಗೋಕಾಕ ಸೀಮೆಯ ಹೆಣ್ಣುಮಗಳ ಮಾತು. ಸವತಿಯ ಮೇಲಿನ ಸಿಟ್ಟು, ಗಂಡನ ಮೇಲಿನ ಮುನಿಸು, ತವರಿನ ಹೆಮ್ಮೆ ಎಲ್ಲ ಈ ನೆಲದ್ದೇ.

ಈಗ ಹಾಡಿಗೆ ಬರೋಣ. ನನ್ನ ಮಾತಿನ ಜೀವ ಇರುವುದು ಇಲ್ಲೇ.

ಕರಾವಳಿಯ ಯಕ್ಷಗಾನದಲ್ಲಿ ಹಾಡುವವನು ಭಾಗವತ. ಪಾತ್ರಧಾರಿ ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ. ನಮ್ಮ ದೊಡ್ಡಾಟದಲ್ಲೂ ಹಾಡಿನ ಭಾರ ಭಾಗವತನದು. ಪಾರಿಜಾತದಲ್ಲಿ ಹಾಗಲ್ಲ. ಇಲ್ಲಿ ಪಾತ್ರಧಾರಿ ತಾನೇ ಹಾಡಬೇಕು. ಭಾಮೆ ತನ್ನ ಸಂಕಟವನ್ನು ತಾನೇ ಹಾಡಿಕೊಳ್ಳಬೇಕು. ಕೃಷ್ಣ ತನ್ನ ಬಿನ್ನಹವನ್ನು ತಾನೇ ಹಾಡಬೇಕು. ಹಿಂದೆ ಕುಳಿತ ಮೇಳ ಅದನ್ನು ಎತ್ತಿಕೊಂಡು ಮರುಕಳಿಸುತ್ತದೆ. ಭಾಗವತನೂ ಇದ್ದಾನೆ. ಅವನು ಆಟ ನಡೆಸುತ್ತಾನೆ, ಪಾತ್ರಗಳನ್ನು ಮಾತಿಗೆಳೆಯುತ್ತಾನೆ, ಜನರ ಪರವಾಗಿ ಪ್ರಶ್ನೆ ಕೇಳುತ್ತಾನೆ.

ಈ ಒಂದು ಬದಲಾವಣೆಯಿಂದ ಸಂಗೀತದ ಸ್ವರೂಪವೇ ಬದಲಾಯಿತು. ಪಾತ್ರ ಆಗುವವನಿಗೆ ಮೊದಲು ಕಂಠ ಇರಬೇಕಾಯಿತು. ರಾಗ ಗೊತ್ತಿರಬೇಕಾಯಿತು. ಮೈಕು ಇಲ್ಲದ ದಿನಗಳಲ್ಲಿ ಸಾವಿರಾರು ಜನ ಕೂತ ಬಯಲಿನ ಕೊನೆಗೂ ಕೇಳುವಂತೆ ಎತ್ತರದ ಸೂರಿನಲ್ಲಿ ಹಾಡಬೇಕಾಯಿತು. ಅದೂ ರಾತ್ರಿಯೆಲ್ಲ.

ಒಂದು ಪದವನ್ನು ಹತ್ತಿರದಿಂದ ನೋಡೋಣ. ರೇಡಿಯೋದಲ್ಲಿ ನೀವು ಕಾಣಲಾರಿರಿ, ಆದ್ದರಿಂದ ನಾನು ಹೇಳುತ್ತ ಹೋಗುತ್ತೇನೆ, ನೀವು ಮನಸ್ಸಿನಲ್ಲೇ ಕೇಳಿಸಿಕೊಳ್ಳಿ.

ಪೇಟಿ ಮಾಸ್ತರು ಷಡ್ಜ ಹಿಡಿದಿದ್ದಾರೆ. ತಬಲಾ ಸುಮ್ಮನಿದೆ. ಭಾಮೆಯ ಪಾತ್ರ ಮಾಡುವಾಕೆ ರಂಗದ ಮುಂಚೂಣಿಗೆ ಬರುತ್ತಾಳೆ. ಒಂದು ಕೈ ಕಿವಿಯ ಹತ್ತಿರ. ಮೊದಲು ಮಾತಿಲ್ಲ, ತಾಳವೂ ಇಲ್ಲ. ಬರಿಯ ಆಕಾರದಲ್ಲಿ ಒಂದು ಸ್ವರ. ಅದು ಮೇಲಿನ ಷಡ್ಜದ ಹತ್ತಿರ ಎಲ್ಲೋ ನಿಂತು, ರಾಗದ ಎರಡು ಮೂರು ತಿರುವು ತೋರಿಸಿ, ಕೆಳಗಿಳಿಯುತ್ತದೆ. ಆ ಇಳಿತದಲ್ಲೇ ಪಲ್ಲವಿಯ ಮೊದಲ ಶಬ್ದ ಸಿಗುತ್ತದೆ. ಶಬ್ದ ಸಿಕ್ಕ ಕ್ಷಣವೇ ತಬಲಾ ಠೇಕಾ ಹಿಡಿಯುತ್ತದೆ. ಪಲ್ಲವಿ ಒಂದು ಸಲ ಆಕೆಯದು, ಮರು ಸಲ ಮೇಳದ್ದು. ಮೇಳ ಹಾಡುವಾಗ ಆಕೆ ಉಸಿರು ತೆಗೆದುಕೊಳ್ಳುತ್ತಾಳೆ, ಎರಡು ಹೆಜ್ಜೆ ಹಾಕುತ್ತಾಳೆ, ಜನರ ಮುಖ ನೋಡುತ್ತಾಳೆ. ಆಮೇಲೆ ನುಡಿ. ನುಡಿಯಲ್ಲಿ ಸಂಗತಿ ಮುಂದೆ ಸಾಗುತ್ತದೆ, ರಾಗ ಮೇಲಿನ ಸ್ಥಾಯಿಗೆ ಏರುತ್ತದೆ. ಮತ್ತೆ ಪಲ್ಲವಿಗೆ ಮರಳುತ್ತದೆ. ಕೊನೆಯ ಸಲ ಮೇಳ ಲಯವನ್ನು ಇಮ್ಮಡಿ ಮಾಡುತ್ತದೆ. ತಾಳಗಳು ಜೋರಾಗುತ್ತವೆ. ಒಂದು ಪೆಟ್ಟಿನ ಮೇಲೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ. ಆ ನಿಶ್ಶಬ್ದದೊಳಗೆ ಭಾಗವತ ಬಾಯಿ ತೆರೆದು ಮಾತು ಸುರುಮಾಡುತ್ತಾನೆ.

ಇದರ ಕಟ್ಟನ್ನು ಬಿಡಿಸಿ ನೋಡಿ. ಪಲ್ಲವಿ, ನುಡಿ, ಪಲ್ಲವಿಗೆ ಮರಳುವುದು. ಇದು ದಾಸರ ಪದದ ಎಲುಬು. ದಕ್ಷಿಣದಿಂದ, ಅಪರಾಳ ತಮ್ಮಣ್ಣನ ಸೀಮೆಯಿಂದ ಬಂದದ್ದು. ಆದರೆ ಎಲುಬಿನ ಮೇಲಿನ ಮಾಂಸ ಬೇರೆ. ಆಕಾರದ ಆಲಾಪ, ಎತ್ತರದ ಸೂರು, ಕಾಫಿ, ಪೀಲೂ, ಭೈರವಿಯಂಥ ರಂಗಕ್ಕೆ ಒಗ್ಗುವ ರಾಗಗಳ ಬಣ್ಣ, ತಬಲಾದ ಠೇಕಾ, ಇದೆಲ್ಲ ಉತ್ತರಾದಿ ಸಂಗೀತದ್ದು. ಲಯ ಇಮ್ಮಡಿಸುವ ಮೇಳದ ಆವೇಶದಲ್ಲಿ ಲಾವಣಿಯ, ಗೀಗೀ ಪದದ, ಭಜನೆಯ ನೆತ್ತರಿದೆ.

ಇದು ಈ ಸೀಮೆಯಲ್ಲೇ ಯಾಕೆ ಕೂಡಿಬಂತು? ಭೂಗೋಳ ನೋಡಿದರೆ ತಿಳಿಯುತ್ತದೆ. ಹುಕ್ಕೇರಿ ಊರಿನ ಹಳೆಯ ಗುಮ್ಮಟಗಳು ಆದಿಲಶಾಹಿ ಕಾಲದವು. ಆ ವಿಜಾಪುರದ ಗಾದಿಯ ಮೇಲೆ ಕೂತ ಎರಡನೆಯ ಇಬ್ರಾಹಿಂ ಆದಿಲಶಹಾ ಸ್ವತಃ ಹಾಡು ಕಟ್ಟುತ್ತಿದ್ದವನು, ಕಿತಾಬೆ ನವರಸ್ ಬರೆದವನು. ಆಮೇಲೆ ಮರಾಠರ ಆಳಿಕೆ. ಆಮೇಲೆ ಮುಂಬಯಿ ಪ್ರಾಂತ. 1956ರವರೆಗೂ ಈ ನೆಲ ಆಡಳಿತದಲ್ಲಿ ಮುಂಬಯಿಯ ಕಡೆಗೇ ಮುಖ ಮಾಡಿತ್ತು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಕೊಲ್ಲಾಪುರಕ್ಕೆ ಸುಮಾರು 60 ಕಿಲೋಮೀಟರ್. ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಮಿರಜ. ಆ ಮಿರಜದಲ್ಲಿ ತಂಬೂರಿ ಮಾಡುವ ಮನೆತನಗಳಿದ್ದವು. ಅಬ್ದುಲ್ ಕರೀಂ ಖಾನರು ನೆಲೆ ನಿಂತದ್ದು ಅಲ್ಲಿ. ಅವರ ಶಿಷ್ಯ ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಗ್ವಾಲಿಯರದ ಖಯಾಲನ್ನು ಈ ಕಡೆ ತಂದ ಬಾಲಕೃಷ್ಣಬುವಾ ಇದ್ದದ್ದು ಇಚಲಕರಂಜಿಯಲ್ಲಿ. ಅಲ್ಲಾದಿಯಾ ಖಾನರು ಕೊಲ್ಲಾಪುರದ ದರ್ಬಾರಿನಲ್ಲಿ. ಇವೆಲ್ಲ ಗೋಕಾಕದಿಂದ ಒಂದು ದಿನದ ಹಾದಿಯೊಳಗಿನ ಊರುಗಳು. ಗಾಳಿಯಲ್ಲೇ ರಾಗವಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮರಾಠಿ ಸಂಗೀತ ನಾಟಕದ ಜನಕ ಎನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿ. 1880ರಲ್ಲಿ ಅವರು ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿಸಿದರು. ಅವರ ನಾಟಕಗಳ ಹಾಡುಗಳಲ್ಲಿ ಕನ್ನಡದ ಧಾಟಿಗಳು ಇವೆ. ಪಾತ್ರ ತಾನೇ ನಿಂತು ಹಾಡುವ ರಂಗಭೂಮಿ ಮರಾಠಿಯಲ್ಲಿ ಹೆಸರಾಗುವ ಮೊದಲೇ ಬೆಳಗಾವಿ ಸೀಮೆಯ ಬಯಲುಗಳಲ್ಲಿ ನಡೆದುಕೊಂಡು ಬಂದಿತ್ತು.

ಹಾರ್ಮೋನಿಯಂ ಬಂದದ್ದು ಮಾತ್ರ ಆಮೇಲೆ. 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ವಾದ್ಯವದು. ನಮ್ಮ ನಾಟಕದವರು ಅದಕ್ಕೆ ಪೇಟಿ ಎಂದು ಹೆಸರಿಟ್ಟು ಮನೆಯ ವಾದ್ಯ ಮಾಡಿಕೊಂಡರು. ಇದೇ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂ ನುಡಿಸುವುದಕ್ಕೆ ನಿಷೇಧವಿತ್ತು. ಶಾಸ್ತ್ರೀಯ ಸಂಗೀತದ ಸೂಕ್ಷ್ಮ ಶ್ರುತಿಗಳಿಗೆ ಅದು ಒಗ್ಗುವುದಿಲ್ಲ ಎಂಬ ವಾದ. ಆ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬಯಲಿನಲ್ಲಿ, ರಾತ್ರಿಯ ತಂಪಿನಲ್ಲಿ, ಗಂಟಲು ಬಿಗಿದ ಹಾಡುಗಾರನಿಗೆ ಸೂರು ಬಿಡದಂತೆ ಹಿಡಿದು ನಿಲ್ಲಿಸಿದ್ದು ಆ ಪೇಟಿಯೇ. ಪಾರಿಜಾತ ಅದನ್ನು ಬಿಟ್ಟುಕೊಡಲಿಲ್ಲ, ಬಿಟ್ಟುಕೊಡದೆ ಇದ್ದದ್ದೇ ಒಳ್ಳೆಯದಾಯಿತು.

ಇಷ್ಟು ಹೊತ್ತು ಒಂದು ಪದದ ರೂಪ ನೋಡಿದೆವು. ದಾಸರ ಪದದ ಎಲುಬು, ಹಿಂದುಸ್ತಾನಿಯ ಬಣ್ಣ, ಮೇಳದ ಆವೇಶ. ಈಗ ಒಂದು ಪದದಿಂದ ಇಡೀ ಆಟಕ್ಕೆ ಹೋಗೋಣ. ಅದಕ್ಕೆ ನನಗೆ ಮತ್ತೆ ವಿಯೆನ್ನಾದ ನೆರವು ಬೇಕು.

1786ರಲ್ಲಿ ಅಲ್ಲಿ ಮೋಟ್ಸಾರ್ಟ್ ಎಂಬ ಸಂಗೀತಗಾರ ಒಂದು ಸಂಗೀತ ನಾಟಕ ಆಡಿಸಿದ. ಅದರ ಹೆಸರು ಫಿಗಾರೋನ ಮದುವೆ. ಅದರ ಎರಡನೆಯ ಅಂಕದಲ್ಲಿ ಒಂದು ಮುಚ್ಚಿದ ಬಾಗಿಲಿದೆ. ಮನೆಯೊಡೆಯ ಒಬ್ಬ ಶ್ರೀಮಂತ. ಹೆಂಡತಿಯ ಕೋಣೆಯೊಳಗಿನ ಬಾಗಿಲು ಹಾಕಿದೆ, ಒಳಗೆ ಯಾರೋ ಇದ್ದಾರೆ ಎಂದು ಅವನಿಗೆ ಸಂಶಯ. ತೆಗೆ ಎನ್ನುತ್ತಾನೆ. ಆಕೆ ತೆಗೆಯುವುದಿಲ್ಲ. ಅಲ್ಲಿಂದ ಸುರುವಾದ ಹಾಡು ಸುಮಾರು 20 ನಿಮಿಷ ನಿಲ್ಲದೆ ಸಾಗುತ್ತದೆ. ಮೊದಲು ಇಬ್ಬರು ಹಾಡುತ್ತಾರೆ. ಆಮೇಲೆ ಮೂವರು. ಹೀಗೆ ಒಬ್ಬೊಬ್ಬರೇ ಕೂಡಿಕೊಂಡು ಕಡೆಗೆ ಏಳು ಜನ ಏಳು ಬಗೆಯ ಮನಸ್ಸನ್ನು ಒಂದೇ ಹೊತ್ತಿಗೆ ಹಾಡುತ್ತಾರೆ. ನಾಟಕದ ಕೊನೆಯಲ್ಲಿ ಹೆಂಗಸರು ವೇಷ ಬದಲಿಸಿಕೊಂಡು ಅವನನ್ನು ಸಿಕ್ಕಿಸುತ್ತಾರೆ. ಅವನು ಹೆಂಡತಿಯ ಮುಂದೆ ಮಂಡಿಯೂರಿ ಕ್ಷಮೆ ಕೇಳುತ್ತಾನೆ.

ಮುಚ್ಚಿದ ಬಾಗಿಲು, ದಂಪತಿಯ ನಡುವಿನ ಸಂಶಯ, ವೇಷ, ಕ್ಷಮೆ. ಕೇಳುಗರೇ, ಪಾರಿಜಾತದಲ್ಲೂ ಇದೇ ಇದೆ. ಅಲ್ಲಿ ಬಾಗಿಲಾಚೆ ನಿಂತು ಸಂಶಯ ಪಡುವವನು ಗಂಡ. ಇಲ್ಲಿ ಬಾಗಿಲೊಳಗೆ ಕೂತು ಸಂಶಯ ಪಡುವವಳು ಹೆಂಡತಿ. ಅಲ್ಲಿ ರಂಗದ ಮೇಲೆ ನಿಜವಾದ ಬಾಗಿಲಿರುತ್ತದೆ. ಇಲ್ಲಿ ಬಯಲು ರಂಗ, ಬಾಗಿಲಿಲ್ಲ. ಇಬ್ಬರೂ ಎದುರೆದುರೇ ನಿಂತಿರುತ್ತಾರೆ, ಎರಡು ಮಾರು ದೂರದಲ್ಲಿ. ನಡುವೆ ಬಾಗಿಲಿದೆ ಎಂದು ನಾವು ನಂಬುವುದು ಹಾಡಿನಿಂದ. ಕೃಷ್ಣ ಪದ ಎತ್ತುತ್ತಾನೆ, ಭಾಮೆ ಮುಖ ತಿರುಗಿಸಿ ಪದದಲ್ಲೇ ಉತ್ತರ ಕೊಡುತ್ತಾಳೆ. ಅವನು ಬಿನ್ನವಿಸುತ್ತಾನೆ, ಅವಳು ಹಂಗಿಸುತ್ತಾಳೆ. ದೂತಿ ನಡುವೆ ಓಡಾಡುತ್ತಾಳೆ. ಆಕೆಗೆ ಮಾತ್ರ ಆ ಬಾಗಿಲು ಅಡ್ಡಿಯಿಲ್ಲ.

ಎರಡು ಕಡೆಯ ಸಂಗೀತದ ರೀತಿ ಬೇರೆ. ಮೋಟ್ಸಾರ್ಟ್ ಸ್ವರಗಳನ್ನು ಒಂದರ ಮೇಲೊಂದು ಪೇರಿಸುತ್ತಾನೆ. ಏಳು ಕಂಠ ಕೂಡಿದರೂ ಯಾವುದೂ ಮುಳುಗುವುದಿಲ್ಲ. ಅದು ಅವರ ಸಂಗೀತದ ದೊಡ್ಡ ಶಕ್ತಿ. ನಮ್ಮಲ್ಲಿ ಒಂದು ಹೊತ್ತಿಗೆ ಒಂದೇ ಕಂಠ, ಒಂದೇ ರಾಗ. ಏರಿಸಬೇಕಾದ್ದನ್ನು ಮರುಕಳಿಸಿ ಏರಿಸಬೇಕು. ಹೇಳಿದ್ದನ್ನೇ ಮತ್ತೆ ಹೇಳಿದಾಗ ಅದು ಮೊದಲಿನದ್ದೇ ಆಗಿರುವುದಿಲ್ಲ. ಪಲ್ಲವಿ ಮೊದಲ ಸಲ ಬಂದಾಗ ಭಾಮೆಯದು ಬರಿಯ ಮುನಿಸು. ಒಂದು ನುಡಿ ಆದಮೇಲೆ ಅದೇ ಪಲ್ಲವಿ ಬಂದಾಗ ಅದು ಅವಮಾನ. ಎರಡನೆಯ ನುಡಿಯ ಮೇಲೆ ಬಂದಾಗ ಅದರೊಳಗೆ ಪ್ರೀತಿ ಕೇಳಿಸುತ್ತದೆ. ಶಬ್ದ ಬದಲಾಗಿಲ್ಲ, ಸ್ವರ ಬದಲಾಗಿಲ್ಲ. ಕೇಳುವವರಿಗೆ ಹೆಚ್ಚು ಗೊತ್ತಾಗಿದೆ, ಅಷ್ಟೇ.

ಪಶ್ಚಿಮದ ಕ್ಲಾಸಿಕಲ್ ಯುಗದವರು ಇದನ್ನು ತಮ್ಮ ರೀತಿಯಲ್ಲಿ ಬಲ್ಲರು. ಅವರ ಮುಖ್ಯ ರೂಪ ಸೊನಾಟಾ. ಅದರಲ್ಲಿ ಮೊದಲು ಎರಡು ಭಿನ್ನ ಧಾಟಿಗಳನ್ನು ಎದುರು ನಿಲ್ಲಿಸುತ್ತಾರೆ. ಒಂದು ಮನೆಯ ಶ್ರುತಿಯಲ್ಲಿ, ಇನ್ನೊಂದು ಬೇರೆ ಶ್ರುತಿಯಲ್ಲಿ. ಆಮೇಲೆ ಎರಡನ್ನೂ ಒಡೆದು, ತಿರುಚಿ, ದೂರ ದೂರದ ಶ್ರುತಿಗಳಲ್ಲಿ ಅಲೆಸುತ್ತಾರೆ. ಕಡೆಗೆ ಮೊದಲಿನ ಧಾಟಿಗಳು ಮರಳುತ್ತವೆ, ಈ ಸಲ ಎರಡೂ ಮನೆಯ ಶ್ರುತಿಯಲ್ಲೇ. ಜಗಳ ತೀರಿತು ಎಂಬುದನ್ನು ಮಾತಿಲ್ಲದೆ ಹೇಳುವ ರೀತಿಯದು. ನಡುವಿನ ಅಲೆದಾಟವನ್ನು ಕತ್ತರಿಸಿ ಬಿಸಾಕಿದರೆ ಮರಳಿ ಬಂದದ್ದಕ್ಕೆ ಅರ್ಥವೇ ಇರುವುದಿಲ್ಲ.

ಪಾರಿಜಾತಕ್ಕೂ ಅಂಥದೇ ನಡುವಿದೆ. ಕೊರವಂಜಿ ಬಂದು ಕಣಿ ಹೇಳಿ, ಭಾಮೆ ಕರಗಿ, ಇಬ್ಬರೂ ಒಂದಾಗುವುದು ಬೆಳಗಿನ ಜಾವದಲ್ಲಿ. ಅಷ್ಟು ಹೊತ್ತಿಗೆ ಜನ ರಾತ್ರಿಯೆಲ್ಲ ಕೂತಿದ್ದಾರೆ. ಗೊಲ್ಲತಿ ಎಂಬ ಪಾತ್ರದ ಜೊತೆ ನಕ್ಕಿದ್ದಾರೆ. ನಾರದನ ಕಿತಾಪತಿ ಕಂಡಿದ್ದಾರೆ. ಭಾಮೆಯ ಪದಗಳನ್ನು ಒಂದರ ಮೇಲೊಂದು ಕೇಳಿದ್ದಾರೆ. ದೂತಿಯ ಓಡಾಟ ನೋಡಿ ದಣಿದಿದ್ದಾರೆ. ನಸುಕಿನಲ್ಲಿ ಕೊರವಂಜಿಯ ಹೊಸ ಧಾಟಿ ಕೇಳಿಸಿದಾಗ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕೂರುತ್ತಾರೆ. ಆ ಸಮಾಧಾನಕ್ಕೆ ತೂಕ ಬಂದದ್ದು ಆ ರಾತ್ರಿಯ ಉದ್ದದಿಂದ.

ಇದನ್ನು ಎರಡು ತಾಸಿಗೆ ಇಳಿಸಿದರೆ ಏನಾಗುತ್ತದೆ? ಉತ್ಸವಗಳಲ್ಲಿ, ಸಭಾಂಗಣಗಳಲ್ಲಿ ಈಗ ನಡೆಯುವುದು ಹೆಚ್ಚಾಗಿ ಇದೇ. ಹಾಸ್ಯ ಉಳಿಯುತ್ತದೆ, ಚಪ್ಪಾಳೆ ಬೀಳುವ ನಾಲ್ಕೈದು ಪದ ಉಳಿಯುತ್ತವೆ. ಮೊದಲು ಹೋಗುವುದು ಆಲಾಪ. ಆಮೇಲೆ ಮರುಕಳಿಸುವ ಪಲ್ಲವಿ. ಆಮೇಲೆ ಭಾಮೆ ಒಬ್ಬಳೇ ಕೂತು ಹಾಡುವ ನಿಧಾನದ ಪದಗಳು. ಅಂದರೆ ನಾನು ಇಷ್ಟು ಹೊತ್ತು ಯಾವುದನ್ನು ರೂಪ ಎಂದೆನೋ ಅದೆಲ್ಲ. ಕಲಾವಿದರನ್ನು ಇದಕ್ಕೆ ದೂರುವುದು ತಪ್ಪು. ಕರೆಯುವವರು ಎರಡು ತಾಸು ಎಂದರೆ ಅವರು ಎರಡು ತಾಸು ಆಡಬೇಕು. ಹೊಟ್ಟೆಪಾಡು ಅವರಿಗೂ ಇದೆ.

ಒಂದೆರಡು ಮಾತು ಹಾಡಿದವರ ಬಗ್ಗೆ.

ಪಾರಿಜಾತ ಎಂದರೆ ಈ ಸೀಮೆಯ ಹಿರಿಯರ ಬಾಯಲ್ಲಿ ಒಂದು ಹೆಸರು ಬರುತ್ತದೆ. ಕೌಜಲಗಿ ನಿಂಗಮ್ಮ. ಕೌಜಲಗಿ ಗೋಕಾಕ ಸೀಮೆಯದೇ ಊರು. ದೊಡ್ಡಾಟದಲ್ಲಿ ಹೆಣ್ಣುಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಸಣ್ಣಾಟ, ಪಾರಿಜಾತಗಳು ಹೆಣ್ಣುಮಕ್ಕಳಿಗೆ ರಂಗ ಕೊಟ್ಟವು. ನಿಂಗಮ್ಮ ಆ ರಂಗದ ಮೇಲೆ ನಿಂತು ಉತ್ತರ ಕರ್ನಾಟಕದ ಮನೆಮನೆಗೆ ಪಾರಿಜಾತವನ್ನು ಮುಟ್ಟಿಸಿದ ಕಲಾವಿದೆ. ಈ ರಂಗಕ್ಕೆ ಬಂದ ಎಷ್ಟೋ ಹೆಣ್ಣುಮಕ್ಕಳು ದೇವದಾಸಿ ಮನೆತನಗಳವರು. ರಾತ್ರಿ ಅವರ ಹಾಡಿಗೆ ತಲೆದೂಗಿದ ಊರು ಹಗಲು ಅವರನ್ನು ಮರ್ಯಾದೆಯಿಂದ ಕಾಣಲಿಲ್ಲ. ಅವರ ಕಂಠದಲ್ಲಿದ್ದ ವಿದ್ಯೆಗೆ ನಾವು ವಿದ್ಯೆ ಎಂಬ ಹೆಸರನ್ನೂ ಕೊಡಲಿಲ್ಲ. ರಾಗ ಬಲ್ಲವರನ್ನು ಪಂಡಿತರೆಂದೆವು, ಅದೇ ರಾಗವನ್ನು ಬಯಲಿನಲ್ಲಿ ಹಾಡಿದವರನ್ನು ಆಟದವರೆಂದೆವು. ಇದು ಅನ್ಯಾಯ. ಅನ್ಯಾಯವೆಂದೇ ಹೇಳಬೇಕು.

ಈ ಬಯಲಾಟಗಳ ಬೆಲೆಯನ್ನು ಓದಿದವರ ಲೋಕಕ್ಕೆ ತಿಳಿಸಿದವರಲ್ಲಿ ಹುಕ್ಕೇರಿ ತಾಲ್ಲೂಕಿನವರೇ ಮುಂದಿದ್ದಾರೆ. ಚಂದ್ರಶೇಖರ ಕಂಬಾರರು ಘೋಡಗೇರಿಯವರು. ಚಿಕ್ಕಂದಿನಲ್ಲಿ ಕೇಳಿದ ಈ ಹಾಡು ಈ ಮಾತು ಅವರ ನಾಟಕಗಳ ಒಳಗೆ ಹೊಕ್ಕಿವೆ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಅವರು ಡಾಕ್ಟರೇಟ್ ಪ್ರಬಂಧ ಬರೆದರು. ಅವರ ಜೋಕುಮಾರಸ್ವಾಮಿ ನಾಟಕ ಬಂದಾಗ, 1970ರ ದಶಕದ ಆರಂಭದಲ್ಲಿ, ಮೇಳ ಹಾಡುವ ರಂಗಭೂಮಿ ನಗರಗಳಿಗೂ ಹೊಸದಾಗಿ ಕೇಳಿಸಿತು. ಅವರಿಗೆ ಜ್ಞಾನಪೀಠ ಬಂದಾಗ ಘಟಪ್ರಭೆಯ ದಂಡೆಯ ಹಾಡಿಗೂ ಅದರಲ್ಲಿ ಪಾಲಿತ್ತು ಎಂದು ನಾನು ತಿಳಿದಿದ್ದೇನೆ.

ಕೇಳುಗರೇ, ನಾವು ಈವರೆಗೆ ಒಂದು ಪದದ ರೂಪ ನೋಡಿದೆವು, ಇಡೀ ರಾತ್ರಿಯ ರೂಪ ನೋಡಿದೆವು, ಅದು ಎಲ್ಲಿ ಮುರಿಯುತ್ತಿದೆ ಎಂಬುದನ್ನೂ ನೋಡಿದೆವು. ಇನ್ನು ಮಾಡಬೇಕಾದ್ದೇನು ಎಂಬುದನ್ನು ಹೇಳಿ ಮಾತು ಮುಗಿಸುತ್ತೇನೆ.

ಪುಸ್ತಕಗಳಲ್ಲಿ ಪಾರಿಜಾತದ ಸಾಹಿತ್ಯ ಅಚ್ಚಾಗಿದೆ. ಅಕ್ಷರ ಉಳಿದಿದೆ. ಆದರೆ ಈ ಪದಕ್ಕೆ ಈ ರಾಗ, ಇಲ್ಲಿ ಇಷ್ಟು ಆಲಾಪ, ಇಲ್ಲಿ ಮೇಳ ಎತ್ತಿಕೊಳ್ಳಬೇಕು, ಇಲ್ಲಿ ಲಯ ಏರಬೇಕು ಎಂಬುದು ಪುಸ್ತಕದಲ್ಲಿ ಇಲ್ಲ. ಅದು ಹಿರಿಯ ಕಲಾವಿದರ ಕಂಠದಲ್ಲಿದೆ, ಪೇಟಿ ಮಾಸ್ತರರ ಬೆರಳಲ್ಲಿದೆ. ಹೈಡನ್ ಬರೆದ ಸ್ವರಲಿಪಿ ಇಂದಿಗೂ ಹಾಳೆಯ ಮೇಲಿದೆ, ಯಾರು ಬೇಕಾದರೂ ತೆಗೆದು ನುಡಿಸಬಹುದು. ನಮ್ಮದು ಹಾಗಲ್ಲ. ಹಾಡುವವರು ಹೋದರೆ ಹಾಡೂ ಹೋಯಿತು. ನಿಮ್ಮ ಊರಿನಲ್ಲಿ ಅಂಥ ಹಿರಿಯರು ಇದ್ದರೆ ಅವರ ಮುಂದೆ ಕೂತು ಪೂರ್ತಿ ಪದಗಳನ್ನು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ತುಣುಕು ಬೇಡ. ಆಲಾಪದಿಂದ ಹಿಡಿದು ಕೊನೆಯ ಪೆಟ್ಟಿನವರೆಗೆ ಇರಲಿ. ಯಾವ ಪದ, ಯಾವ ಪಾತ್ರ, ಯಾವ ರಾಗ ಎಂದು ಅವರ ಬಾಯಿಂದಲೇ ಹೇಳಿಸಿ. ಅವರಿಗೆ ಗೌರವಧನ ಕೊಡಿ.

ಸಂಗೀತ ಕಲಿಸುವ ಶಾಲೆಗಳವರಿಗೂ ಒಂದು ಮಾತು. ಗೋಕಾಕದಲ್ಲಾಗಲಿ ಬೆಳಗಾವಿಯಲ್ಲಾಗಲಿ ಧಾರವಾಡದಲ್ಲಾಗಲಿ ಖಯಾಲ್ ಕಲಿಯು‍ವ ಮಕ್ಕಳಿಗೆ ಪಾರಿಜಾತದ ಹತ್ತು ಪದ ಕಲಿಸಿ. ರಾಗ ಅವರಿಗೆ ಗೊತ್ತಿರುತ್ತದೆ. ರಾಗದಲ್ಲಿ ಜಗಳವಾಡುವುದು ಹೇಗೆ, ಬೇಡುವುದು ಹೇಗೆ, ಕರಗುವುದು ಹೇಗೆ ಎಂಬುದನ್ನು ಈ ಪದಗಳು ಕಲಿಸುತ್ತವೆ.

ಕಡೆಯದಾಗಿ ಜಾತ್ರಾ ಕಮಿಟಿಯವರಿಗೆ, ಊರ ಹಿರಿಯರಿಗೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ವರ್ಷ ಎಲ್ಲಿಯಾದರೂ ಪಾರಿಜಾತ ಆಡಿಸುವುದಿದ್ದರೆ ಮೇಳದವರಿಗೆ ಎರಡು ತಾಸು ಎಂದು ಹೇಳಬೇಡಿ. ರಾತ್ರಿ ಹತ್ತಕ್ಕೆ ಸುರುಮಾಡಿ, ಬೆಳಗಾಗುವವರೆಗೆ ಪೂರ್ತಿ ಆಡಿ, ಅದಕ್ಕೆ ತಕ್ಕ ಸಂಭಾವನೆ ನಾವು ಕೊಡುತ್ತೇವೆ ಎಂದು ಹೇಳಿ ವೀಳ್ಯ ಕೊಡಿ.